ರೋಡ್ ಐಲೆಂಡ್ ಸಂಸ್ಥಾನದ ಮೇಲ್ಮನೆಯೂ ಅದರ ಕ್ಷೇತ್ರವಿಭಾಗವೂ

ಅನ್ನವು ಬೆಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕೆ ಪಾತ್ರೆಯೊಳಗಿನ ಅಗುಳೆಲ್ಲವನ್ನೂ ಹಿಸುಕಿ ನೋಡಬೇಕಾಗಿಲ್ಲ. ಒಂದು ಅಗುಳು ಸಾಕು. ಇದನ್ನೇ ಶಾಸ್ತ್ರಕಾರರು ಸ್ಥಾಲೀಪುಲಾಕನ್ಯಾಯವೆಂದು ಕರೆದರು. ಅಮೆರಿಕಾ ಸಂಯುಕ್ತ ಸಂಸ್ಥಾನಗಳು ಐವತ್ತಿರುವುದಷ್ಟೆ. ಅವುಗಳಲ್ಲಿ ವಿಸ್ತೀರ್ಣದಿಂದ ಎಲ್ಲಕ್ಕಿಂತ ಕಿರಿದಾದುದು ರೋಡ್ ಐಲೆಂಡ್ ಎಂಬುದು. ಕೊಲ್ಲಿಯ ನೀರನ್ನೂ ಸೇರಿಸಿಕೊಂಡರೆ ಸುಮಾರು 1,200 ಚದರ ಮೈಲಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. ಇಷ್ಟು ಚಿಕ್ಕ ಸೀಮೆಯು 2020ನೆಯ ಇಸವಿಯ ನವೆಂಬರ್ ತಿಂಗಳವರೆಗೂ ಐವತ್ತರಲ್ಲಿ ಅತ್ಯಂತ ಉದ್ದವಾದ ಹೆಸರನ್ನು ಧರಿಸಿದ್ದಿತು. ‘ರೋಡ್ ಐಲೆಂಡ್ ಅಂಡ್ ಪ್ರಾವಿಡೆನ್ಸ್ ಪ್ಲಾಂಟೇಷನ್ಸ್’ ಎಂಬುದರ ಉತ್ತರಾರ್ಧವನ್ನು ಆ ವರ್ಷ ಅಲ್ಲಿಯ ಜನರು ಮತಕೊಟ್ಟು ತೆಗೆದುಹಾಕಿದರು. ಈ ಸಂಸ್ಥಾನದ ಶಾಸನಸಭೆಯ ಮೇಲ್ಮನೆಗೆ ಸದಸ್ಯರನ್ನು ಯಾವ ಎಲ್ಲೆಗಳೊಳಗಿಂದ ಆರಿಸುತ್ತಿದ್ದರು, ಆ ಎಲ್ಲೆಗಳು ಹೇಗೆ ಬದಲಾದವು ಎಂಬುದೇ ಪ್ರಕೃತ ಲೇಖನದ ವಿಷಯ. ವ್ಯಾಕರಣ ಮೀಮಾಂಸೆಗಳನ್ನು ಓದಿ ಬೆಳೆದ ನನ್ನಂಥವನು ಇದಕ್ಕೆ ಕೈಹಾಕಿದುದನ್ನು ಕಂಡು ವಾಚಕರು ನಗಬಾರದು. ಈ ಇತಿಹಾಸದ ಗಂಟು ಕಡೆಗೆ ಒಂದು ಶಬ್ದಾರ್ಥದ ಗಂಟೇ ಆಗಿದೆ.

ಮೇಲ್ಮನೆಗೆ ಅಲ್ಲಿಯವರು ‘ಸೆನೇಟ್’ ಎನ್ನುತ್ತಾರೆ. ಇದು ಲ್ಯಾಟಿನ್ ಭಾಷೆಯ ‘ಸೆನೆಕ್ಸ್’, ಎಂದರೆ ಮುದುಕ, ಎಂಬ ಮಾತಿನಿಂದ ಬಂದುದು. ಹಳೆಯದು ಎಂಬರ್ಥದ ನಮ್ಮ ವೈದಿಕ ‘ಸನ’ ಶಬ್ದಕ್ಕೆ ಜ್ಞಾತಿ. ಹಿರಿಯರ ಕೂಟವೆಂಬುದೇ ಮೂಲಾರ್ಥ. ಇನ್ನು ಮತದಾರರ ವಿಭಾಗಕ್ಕೆ ನಾವು ಕನ್ನಡದಲ್ಲಿ ‘ಕ್ಷೇತ್ರ’ವೆನ್ನುತ್ತೇವೆ. ಕ್ಷೇತ್ರವೆಂದರೆ ಮೊದಲು ಉಳುವ ನೆಲ; ಆಮೇಲೆ ಪುಣ್ಯಸ್ಥಳ; ಈಚೆಗೆ ಚುನಾವಣೆಯ ವಿಭಾಗ. ನೆಲದ ಅರ್ಥವು ಹಿಂದಾಗಿ ಜನರ ಅರ್ಥವು ಮುಂದೆ ಬರುವುದಕ್ಕೆ ನಮ್ಮ ಮಾತಿನಲ್ಲಿ ಯಾರೂ ಹೊಡೆದಾಡಲಿಲ್ಲ. ರೋಡ್ ಐಲೆಂಡಿನಲ್ಲಾದರೋ ಅದಕ್ಕಾಗಿ ಫಿರಂಗಿ ಹೊರಟಿತು, ಜನರು ಸೆರೆಮನೆ ಸೇರಿದರು, ಒಂದು ನೂರ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಆ ಸೀಮೆಯಲ್ಲಿ ಮೊದಲು ಹುಟ್ಟಿದುದು ಊರುಗಳು; ಸಂಸ್ಥಾನವು ಹುಟ್ಟಿದುದು ಆಮೇಲೆ. ಮಸಾಚುಸೆಟ್ಸಿನಿಂದ ಹೊರದೂಡಲ್ಪಟ್ಟ ರಾಜರ್ ವಿಲಿಯಮ್ಸ್ ಎಂಬ ಪಾದ್ರಿಯು 1636ರಲ್ಲಿ ಪ್ರಾವಿಡೆನ್ಸನ್ನು ಕಟ್ಟಿದನು. ಪೋರ್ಟ್ಸ್‌ಮತ್, ನ್ಯೂಪೋರ್ಟ್, ವಾರಿಕ್ ಎಂಬ ಮೂರು ಊರುಗಳು ಬೇರೆ ಬೇರೆ ಪಂಗಡದವರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ಎದ್ದವು. ಒಂದಕ್ಕೊಂದು ಅಷ್ಟಾಗಿ ಒಗ್ಗದ ಈ ನಾಲ್ಕು ಊರುಗಳನ್ನು ಒಟ್ಟುಗೂಡಿಸಿ ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಯು 1663ರಲ್ಲಿ ಸನ್ನದನ್ನು ಕೊಟ್ಟನು. ಅದರ ಪ್ರಕಾರ ಕೆಳಮನೆಗೆ ನ್ಯೂಪೋರ್ಟಿನಿಂದ ಆರು ಮಂದಿ, ಉಳಿದ ಮೂರು ಊರುಗಳಿಂದ ನಾಲ್ಕು ನಾಲ್ಕು ಮಂದಿ, ಮುಂದೆ ಏರ್ಪಡುವ ಪ್ರತಿಯೊಂದು ಊರಿಂದಲೂ ಎರಡೆರಡು ಮಂದಿ ಬರತಕ್ಕದ್ದು. ಮೇಲಿನ ಕೂಟಕ್ಕೆ ಗವರ್ನರ್, ಅವನ ಸಹಾಯಕ ಗವರ್ನರ್, ಹತ್ತು ಮಂದಿ ಆಪ್ತರು. ಇವರನ್ನು ಸೀಮೆಯ ಸಮಸ್ತ ಮತದಾರರೂ ಒಟ್ಟಾಗಿ ಆರಿಸುತ್ತಿದ್ದರು. ಇಲ್ಲಿ ಮೇಲ್ಮನೆಗೆ ಊರುವಾರು ಕ್ಷೇತ್ರವೇ ಇರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಊರಿಗೊಬ್ಬ ಸೆನೇಟರನೆಂಬ ಪದ್ಧತಿಯು ಅನಾದಿಯೆಂದು ಅದರ ಪಕ್ಷಪಾತಿಗಳು ಮುಂದೆ ವಾದಿಸುವುದನ್ನು ನೋಡುವೆವು.

ಮತದಾನದ ಹಕ್ಕು ಭೂಮಿಯುಳ್ಳವನಿಗೆ ಮಾತ್ರ. 134 ಡಾಲರುಗಳ ಬೆಲೆಯ ಸ್ಥಿರಾಸ್ತಿಯಿದ್ದವನು ಮತ ಹಾಕಬಹುದಾಗಿದ್ದಿತು. ಅವನ ಜ್ಯೇಷ್ಠಪುತ್ರನೂ ತಂದೆಯ ಬಲದಿಂದ ಹಾಕಬಹುದಾಗಿದ್ದಿತು. ಕಿರಿಯ ಮಗನಿಗೆ ಇಲ್ಲ. ರೈತರ ಸೀಮೆಯಾಗಿದ್ದ ಕಾಲದಲ್ಲಿ ಇದರಿಂದ ಯಾರಿಗೂ ಅಷ್ಟು ನೋವಾಗಲಿಲ್ಲ. ಬಹುಮಂದಿಗೆ ಒಂದಿಷ್ಟು ನೆಲವಿದ್ದಿತು. ಆದರೆ 1790ರಲ್ಲಿ ಸ್ಯಾಮ್ಯುಯೆಲ್ ಸ್ಲೇಟರನು ಪಾಟಕೆಟ್ ನದಿಯ ಅಬ್ಬಿಯ ಬಳಿ ನೀರಿನ ಬಲದಿಂದ ಹತ್ತಿಯ ನೂಲನ್ನು ತೆಗೆಯುವ ಯಂತ್ರವನ್ನು ನಡೆಯಿಸಿದ ಮೇಲೆ ಕಾಲವೇ ತಿರುಗಿತು. ನದಿಗಳುದ್ದಕ್ಕೂ ಗಿರಣಿಗಳೆದ್ದವು. ಹಳ್ಳಿಗಳಿಂದಲೂ ಐರ್ಲೆಂಡಿನಿಂದಲೂ ಕೂಲಿಗಾರರು ಬಂದು ನೆಲೆಸಿದರು. ಇವರಿಗೆ ಸಂಬಳವಿದ್ದಿತು, ನೆಲವಿರಲಿಲ್ಲ. 1840ರ ಖಾನೇಷುಮಾರಿಯಂತೆ ಸಂಸ್ಥಾನದ ಜನಸಂಖ್ಯೆ 1,08,830, ಪ್ರಾವಿಡೆನ್ಸೊಂದರಲ್ಲಿಯೇ 23,171. ನ್ಯೂಪೋರ್ಟಿನಲ್ಲಿದ್ದವರು 8,333. ಆದರೂ ಸನ್ನದಿನ ಪ್ರಕಾರ ನ್ಯೂಪೋರ್ಟಿಗೆ ಆರು, ಪ್ರಾವಿಡೆನ್ಸಿಗೆ ನಾಲ್ಕು! ಸ್ವಾತಂತ್ರ್ಯಯುದ್ಧವಾಗಿ ಅರವತ್ತು ವರ್ಷಗಳು ಕಳೆದರೂ ಇಂಗ್ಲೆಂಡಿನ ದೊರೆಯ ಸನ್ನದೇ ಅಲ್ಲಿಯ ರಾಜ್ಯಾಂಗವಾಗಿ ಉಳಿದಿದ್ದಿತು. ಪಕ್ಕದ ಕನೆಕ್ಟಿಕಟ್ ತನ್ನ ಸನ್ನದನ್ನು 1818ರಲ್ಲಿಯೇ ಕಳಚಿಹಾಕಿತ್ತು.

ಈ ಅನ್ಯಾಯದ ಮೇಲೆ ಎದ್ದವನು ತಾಮಸ್ ವಿಲ್ಸನ್ ಡಾರ್ ಎಂಬ ವಕೀಲ. ಇವನು ಕೂಲಿಕಾರನಲ್ಲ, ಪ್ರಾವಿಡೆನ್ಸಿನ ಶ್ರೀಮಂತ ವರ್ತಕರ ಮನೆಯಲ್ಲಿ 1805ರಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಓದಿದವನು. 1841ರಲ್ಲಿ ಇವನೂ ಇವನ ಕಡೆಯವರೂ ಸರ್ಕಾರದ ಅಪ್ಪಣೆಯಿಲ್ಲದೆಯೇ ಮಹಾಸಭೆಯನ್ನು ಕೂಡಿಸಿ ‘ಜನತೆಯ ರಾಜ್ಯಾಂಗ’ವೆಂಬುದನ್ನು ರಚಿಸಿದರು. ಅದರಲ್ಲಿ ಭೂಮಿಯ ನಿರ್ಬಂಧವಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದೇನೆಂದರೆ, ಮೇಲ್ಮನೆಗಾಗಿ ಸಂಸ್ಥಾನವನ್ನು ಹನ್ನೆರಡು ವಿಭಾಗಗಳಾಗಿ ಹಂಚಿ, ವಿಭಾಗಕ್ಕೆ ಒಬ್ಬನಂತೆ ಸೆನೇಟರನನ್ನು ಆರಿಸಬೇಕೆಂದು ಅದು ವಿಧಿಸಿತು. ಸೆನೇಟಿನ ಕ್ಷೇತ್ರವೆಂಬ ಭಾವನೆಯು ಆ ನೆಲದಲ್ಲಿ ಕಾಗದದ ಮೇಲಾದರೂ ಕಾಣಿಸಿಕೊಂಡುದು ಇಲ್ಲಿಯೇ. ಡಿಸೆಂಬರಿನಲ್ಲಿ ನಡೆದ ಮತದಾನದಲ್ಲಿ 13,944 ಮಂದಿ ಇದನ್ನು ಒಪ್ಪಿದರು. ಸರ್ಕಾರದವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

1842ರ ವಸಂತದಲ್ಲಿ ಒಂದೇ ಸಂಸ್ಥಾನಕ್ಕೆ ಇಬ್ಬರು ಗವರ್ನರರಾದರು: ಸನ್ನದಿನ ಪಕ್ಷದ ಸ್ಯಾಮ್ಯುಯೆಲ್ ವಾರ್ಡ್ ಕಿಂಗ್ ಒಬ್ಬ, ಡಾರ್ ಇನ್ನೊಬ್ಬ. ಮೇ 17ರ ರಾತ್ರಿ ಡಾರನು ತನ್ನವರೊಡನೆ ಪ್ರಾವಿಡೆನ್ಸಿನ ಆಯುಧಾಗಾರದ ಮುಂದೆ ಎರಡು ಫಿರಂಗಿಗಳನ್ನು ತಂದು ನಿಲ್ಲಿಸಿದನು. ಕಿಚ್ಚಿಟ್ಟರೆ ಅವು ಹಾರಲಿಲ್ಲ. ಒಳಗೆ ಕಾವಲಿದ್ದವರಲ್ಲಿ ಅವನ ತಂದೆಯೂ ಹತ್ತಿರದ ಬಂಧುಗಳೂ ಇದ್ದರೆಂದು ಹೇಳುತ್ತಾರೆ. ಬೆಳಗಾಗುವಷ್ಟರಲ್ಲಿ ಗುಂಪು ಚದರಿತು. 1844ರಲ್ಲಿ ಅವನಿಗೆ ರಾಜದ್ರೋಹಕ್ಕಾಗಿ ಆಜನ್ಮ ಕಠಿಣಶಿಕ್ಷೆಯಾಯಿತು; ಮರುವರ್ಷವೇ ಬಿಡುಗಡೆಯಾದರೂ ಮೈ ಕೆಟ್ಟುಹೋಗಿ, 1854ರಲ್ಲಿ ತೀರಿಕೊಂಡನು.

ಡಾರನ ಪಕ್ಷವನ್ನು ಹೊಗಳುವವರು ಒಂದು ಕಲೆಯನ್ನು ಮುಚ್ಚಿಡುವುದುಂಟು. ‘ಜನತೆಯ ರಾಜ್ಯಾಂಗ’ದಲ್ಲಿ ಜನತೆಯೆಂದರೆ ಬಿಳಿಯ ಗಂಡಸರು ಮಾತ್ರ. ಡಾರನಿಗೆ ಅದು ಸಮ್ಮತವಿರಲಿಲ್ಲ; ಆದರೆ ಸಭೆಯು ಅವನ ಮಾತನ್ನು ಕೇಳಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ವಾಗ್ಮಿಯೆಂದು ಹೆಸರಾದ ಫ್ರೆಡರಿಕ್ ಡಗ್ಲಸನು ಆ ರಾಜ್ಯಾಂಗಕ್ಕೆ ವಿರುದ್ಧವಾಗಿ ಊರೂರಿನಲ್ಲಿ ಮಾತನಾಡಿದನು. ಪ್ರಾವಿಡೆನ್ಸಿನ ಕರಿಯ ಜನರು ಸನ್ನದಿನ ಸರ್ಕಾರದ ಕಡೆ ನಿಂತು ಪಹರೆ ಕೊಟ್ಟರು. ಗೆದ್ದ ಪಕ್ಷದವರು ಹೊಸ ರಾಜ್ಯಾಂಗದಲ್ಲಿ ಅವರಿಗೆ ಮತವನ್ನು ಕೊಟ್ಟರು. ಹಳಬರೆಲ್ಲ ದುಷ್ಟರು, ಹೊಸಬರೆಲ್ಲ ಶಿಷ್ಟರು ಎಂದು ಈ ಕಥೆಯನ್ನು ಓದಲಾಗುವುದಿಲ್ಲ.

ಆ ಹೊಸ ರಾಜ್ಯಾಂಗವು 1843ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. ಸ್ವದೇಶದಲ್ಲಿ ಹುಟ್ಟಿದವರಿಗೆ ಭೂಮಿಯ ನಿರ್ಬಂಧವು ಬಹುಮಟ್ಟಿಗೆ ಸಡಿಲವಾಯಿತು. ಹೊರಗಿನಿಂದ ಬಂದು ಪೌರರಾದವರಿಗೆ 1888ರವರೆಗೂ ಹಾಗೆಯೇ ಉಳಿಯಿತು. ಕೆಳಮನೆಯಲ್ಲಿ 72 ಸ್ಥಾನಗಳು. ಜನಸಂಖ್ಯೆಗೆ ತಕ್ಕಂತೆ ಹಂಚಬೇಕು, ಆದರೆ ಯಾವ ಊರಿಗೂ ಆರನೆಯ ಒಂದು ಪಾಲಿಗೆ ಮೀರಿ ಕೊಡಕೂಡದು. ಮೇಲ್ಮನೆಯಲ್ಲಾದರೋ ಪ್ರತಿಯೊಂದು ಊರಿಗೂ ನಗರಕ್ಕೂ ಒಬ್ಬೊಬ್ಬನೇ ಸೆನೇಟರ್. ಡಾರನ ಹನ್ನೆರಡು ವಿಭಾಗಗಳಿಗೆ ಇದೇ ಉತ್ತರ. ಕೆಳಗಿನ ಬಾಗಿಲನ್ನು ಅರ್ಧ ತೆರೆದು, ಮೇಲಿನ ಬಾಗಿಲಿಗೆ ಬೀಗವನ್ನು ಹಾಕಿದರು. ಇದು ಪೂರ್ವಿಕರ ಪದ್ಧತಿಯೆಂಬ ಮಾತು ತಪ್ಪೆಂಬುದಕ್ಕೆ ಸನ್ನದೇ ಸಾಕ್ಷಿ: 1663ರ ಪೂರ್ವಿಕರು ಮೇಲಿನ ಕೂಟವನ್ನು ಸೀಮೆಯೆಲ್ಲ ಸೇರಿ ಆರಿಸುತ್ತಿದ್ದರು. ಊರುವಾರು ಸೆನೇಟು ಪುರಾತನ ಸಂಪ್ರದಾಯವಲ್ಲ. 1842ರ ಭಯದಿಂದ ಹುಟ್ಟಿದುದು. ನನ್ನ ಅಭಿಪ್ರಾಯದಲ್ಲಿ ಈ ಇತಿಹಾಸದ ಬೀಗದಕೈ ಇಲ್ಲಿದೆ.

ನ್ಯಾಯಸ್ಥಾನವು ಏನು ಹೇಳಿತು? ಗಲಭೆಯ ಕಾಲದಲ್ಲಿ ಡಾರನ ಕಡೆಯ ಮಾರ್ಟಿನ್ ಲೂಥರನ ಮನೆಯನ್ನು ಬಾರ್ಡನ್ ಎಂಬ ಸರ್ಕಾರಿ ದಂಡಿನವನು ಒಡೆದು ನುಗ್ಗಿದ್ದನು. ನೀನು ಯಾವ ಸರ್ಕಾರದ ಅಧಿಕಾರದಿಂದ ನುಗ್ಗಿದೆಯೆಂದು ಲೂಥರನು ದಾವೆ ಹಾಕಿದನು. ಸಂಯುಕ್ತ ರಾಜ್ಯಾಂಗವು ಪ್ರತಿಯೊಂದು ಸಂಸ್ಥಾನಕ್ಕೂ ಪ್ರಜಾಪ್ರಭುತ್ವದ ಸರ್ಕಾರವನ್ನು ಖಾತರಿ ಮಾಡಿದೆ. ಸನ್ನದಿನ ಸರ್ಕಾರವು ಅಂಥದಲ್ಲ ಎಂಬುದು ವಾದ. 1849ರಲ್ಲಿ ಪರಮ ನ್ಯಾಯಸ್ಥಾನದ ಮುಖ್ಯ ನ್ಯಾಯಾಧಿಪತಿ ಟಾನಿಯವರು, ಯಾವುದು ನಿಜವಾದ ಸರ್ಕಾರವೆಂಬುದು ರಾಜಕೀಯ ಪ್ರಶ್ನೆ, ಅದನ್ನು ನಿರ್ಣಯಿಸುವುದು ನ್ಯಾಯಾಧೀಶರ ಕೆಲಸವಲ್ಲ ಎಂದು ತೀರ್ಪು ಕೊಟ್ಟರು. ಒಬ್ಬ ಬಡವನ ಮನೆಯ ಬಾಗಿಲಿನಿಂದ ಹುಟ್ಟಿದ ಈ ತೀರ್ಪು ದೇಶದಲ್ಲೆಲ್ಲ ಪ್ರಮಾಣವಾಯಿತು.

ಆಮೇಲೆ ಅರವತ್ತು ವರ್ಷಗಳಲ್ಲಿ ನಗರಗಳು ಊದಿಕೊಂಡವು. ಬೆಟ್ಟದ ಊರುಗಳು ಬರಿದಾದವು. 1900ರಲ್ಲಿ ಸಂಸ್ಥಾನದ ಜನಸಂಖ್ಯೆ 4,28,556. ಅದರಲ್ಲಿ ಪ್ರಾವಿಡೆನ್ಸಿನವರು 1,75,597. ಪಶ್ಚಿಮದ ವೆಸ್ಟ್ ಗ್ರೀನಿಚ್ ಎಂಬ ಊರಿನವರು 606. ಮೇಲ್ಮನೆಯಲ್ಲಿ ಅದಕ್ಕೂ ಒಬ್ಬ, ಇದಕ್ಕೂ ಒಬ್ಬ. ಅತಿ ಚಿಕ್ಕವಾದ ಇಪ್ಪತ್ತು ಊರುಗಳನ್ನು ಕೂಡಿಸಿದರೂ ಜನರು ಹತ್ತರಲ್ಲೊಂದು ಪಾಲಾಗುತ್ತಿರಲಿಲ್ಲ. ಆದರೆ ಅವುಗಳ ಇಪ್ಪತ್ತು ಮಂದಿ ಸೆನೇಟರರೇ ಮನೆಯ ಬಹುಮತ. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದನ್ನು ನಮ್ಮವರು ಮಾತ್ಸ್ಯನ್ಯಾಯವೆಂದು ನಿಂದಿಸಿದರು. ಚಿಕ್ಕ ಮೀನುಗಳು ಒಟ್ಟಾಗಿ ದೊಡ್ಡದನ್ನು ನುಂಗುವುದಕ್ಕೆ ಅವರು ಹೆಸರಿಟ್ಟಂತೆ ಕಾಣೆ.

ಚಿಕ್ಕ ಊರಿನಲ್ಲಿ ಮತದಾರರು ಕೆಲವೇ ನೂರು; ಕೆಲವೇ ನೂರನ್ನು ಕೊಳ್ಳುವುದು ಸುಲಭ. ಈ ವ್ಯಾಪಾರದ ಮೇಲ್ವಿಚಾರಕನಾಗಿದ್ದವನು ರಿಪಬ್ಲಿಕನ್ ಪಕ್ಷದ ಚಾರ್ಲ್ಸ್ ಬ್ರೇಟನ್. ಅಂತರ್ಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದು, ಕಡೆಗಾಲದಲ್ಲಿ ಕುರುಡನಾಗಿದ್ದ ಇವನು, ಶಾಸನಸಭೆಯ ಸದಸ್ಯನಲ್ಲದಿದ್ದರೂ ಅದರ ಕಟ್ಟಡದಲ್ಲಿಯೇ ಕುಳಿತು ಅದನ್ನು ನಡೆಯಿಸುತ್ತಿದ್ದನು. ನಗರಗಳ ಮತದಿಂದ ಡೆಮೊಕ್ರಾಟ್ ಪಕ್ಷದವನೊಬ್ಬನು ಗವರ್ನರನಾಗಿಬಿಟ್ಟರೆ ಗತಿಯೇನು? ಅದಕ್ಕೂ ಔಷಧವಾಯಿತು: ಗವರ್ನರನು ಸೂಚಿಸಿದ ಅಧಿಕಾರಿಯನ್ನು ಸೆನೇಟು ಮೂರು ದಿನಗಳೊಳಗೆ ಒಪ್ಪದಿದ್ದರೆ ತಾನೇ ಬೇರೊಬ್ಬನನ್ನು ನೇಮಿಸಬಹುದೆಂದು 1901ರಲ್ಲಿ ಕಾನೂನು ಮಾಡಿದರು. ಗವರ್ನರನಿಗೆ ಮಸೂದೆಗಳನ್ನು ತಡೆಹಿಡಿಯುವ ಅಧಿಕಾರವು 1909ರವರೆಗೂ ಇರಲಿಲ್ಲ. 1903ರಲ್ಲಿ ಡೆಮೊಕ್ರಾಟ್ ಗವರ್ನರ್ ಲೂಷಿಯಸ್ ಗಾರ್ವಿನ್ ಮತಗಳ ಕ್ರಯವಿಕ್ರಯವನ್ನು ಕುರಿತು ಶಾಸನಸಭೆಗೇ ಬಹಿರಂಗವಾಗಿ ಬರೆದನು. 1905ರಲ್ಲಿ ಲಿಂಕನ್ ಸ್ಟೆಫೆನ್ಸ್ ಎಂಬ ಪತ್ರಿಕಾಕರ್ತನು ಈ ಸಂಸ್ಥಾನವು ಮಾರಾಟಕ್ಕಿದೆಯೆಂಬ ಲೇಖನವನ್ನು ಪ್ರಕಟಿಸಿದನು. ಆಗ ವಾಷಿಂಗ್ಟನ್ನಿನ ಸೆನೇಟಿಗೆ ಸದಸ್ಯರನ್ನು ಆಯಾ ಸಂಸ್ಥಾನದ ಶಾಸನಸಭೆಗಳೇ ಆರಿಸುತ್ತಿದ್ದವು. ಹೀಗೆ ಆರಿಸಲ್ಪಟ್ಟು 1881ರಿಂದ 1911ರವರೆಗೆ ಅಲ್ಲಿ ಕುಳಿತಿದ್ದ ನೆಲ್ಸನ್ ಆಲ್ಡ್ರಿಚ್ ದೇಶದ ಹಣಕಾಸನ್ನೇ ಆಳಿದನೆಂದರೆ, ವೆಸ್ಟ್ ಗ್ರೀನಿಚ್ಚಿನಂಥ ಊರುಗಳ ಮತಗಳು ಎಷ್ಟು ದೂರ ಮುಟ್ಟುತ್ತಿದ್ದವೆಂಬುದನ್ನು ಊಹಿಸಬಹುದು.

1924ರ ಕಥೆಯನ್ನು ಬರೆಯುವಾಗ ಗಾಂಭೀರ್ಯವನ್ನು ಕಾಪಾಡಿಕೊಳ್ಳುವುದು ಕಷ್ಟ. ಮೇಲ್ಮನೆಯಲ್ಲಿ ರಿಪಬ್ಲಿಕನರು ಬಹುಸಂಖ್ಯಾತರು. ಪೀಠದಲ್ಲಿದ್ದ ಲೆಫ್ಟಿನೆಂಟ್ ಗವರ್ನರ್ ಫೀಲಿಕ್ಸ್ ಟೂಪಿನ್ ಡೆಮೊಕ್ರಾಟ್. ರಾಜ್ಯಾಂಗವನ್ನು ತಿದ್ದಲು ಸಭೆ ಕರೆಯುವವರೆಗೂ ಬೇರೆ ಕೆಲಸ ನಡೆಯಗೊಡುವುದಿಲ್ಲವೆಂದು ಡೆಮೊಕ್ರಾಟರು ಹಗಲಿರುಳು ಮಾತನಾಡುತ್ತ ಕಾಲವನ್ನು ನೂಕಿದರು. ಇವರ ಮುಂದಾಳು ರಾಬರ್ಟ್ ಕ್ವಿನ್. ಜೂನ್ 19ರಂದು ಪೀಠದ ಹಿಂದೆ ವಿಷವಾಯುವಿನ ಬಾಂಬೊಂದು ಸಿಡಿಯಿತು. ಹಿರಿಯರ ಕೂಟವೆಂಬ ಹೆಸರಿನ ಮನೆಯಿಂದ ಹಿರಿಯರೆಲ್ಲ ಮೂಗು ಮುಚ್ಚಿಕೊಂಡು ಓಡಿದರು. ರಿಪಬ್ಲಿಕನ್ ಸೆನೇಟರರು ಗಡಿಯನ್ನು ದಾಟಿ, ಮಸಾಚುಸೆಟ್ಸಿನ ರಟ್ಲೆಂಡ್ ಎಂಬ ಊರಿನ ಹೋಟೆಲೊಂದರಲ್ಲಿ ಬಿಡಾರ ಮಾಡಿ, ವರ್ಷ ಮುಗಿಯುವವರೆಗೂ ಬರಲೇ ಇಲ್ಲ. ಕೋರಂ ಇಲ್ಲದೆ ಸಭೆ ನಿಂತಿತು.

1928ರಲ್ಲಿ ರಾಜ್ಯಾಂಗಕ್ಕೆ ಒಂದು ತಿದ್ದುಪಡಿಯಾಯಿತು. ಇಪ್ಪತ್ತೈದು ಸಾವಿರ ಮತದಾರರಿಗೆ ಮೀರಿದ ನಗರಕ್ಕೆ ಮುಂದಿನ ಪ್ರತಿ ಇಪ್ಪತ್ತೈದು ಸಾವಿರಕ್ಕೂ ಇನ್ನೊಬ್ಬ ಸೆನೇಟರ್. ಆದರೆ ಒಟ್ಟು ಆರಕ್ಕೆ ಮೀರಕೂಡದು. ಬೀಗವನ್ನು ತೆಗೆಯಲಿಲ್ಲ; ಕಿಂಡಿಯೊಂದನ್ನು ಕೊರೆದರು. ಆ ಕಿಂಡಿಯಿಂದಲೇ 1935 ಬಂದಿತು. ಆಗ ಸೆನೇಟಿನಲ್ಲಿ 42 ಸ್ಥಾನಗಳು. 1934ರ ಚುನಾವಣೆಯ ಎಣಿಕೆಯಂತೆ ರಿಪಬ್ಲಿಕನರು 22, ಡೆಮೊಕ್ರಾಟರು 20. ಜನವರಿ 1ರಂದು ಸಭೆ ಸೇರಿದಾಗ ಗವರ್ನರ್ ತಿಯೊಡೋರ್ ಫ್ರಾನ್ಸಿಸ್ ಗ್ರೀನನ ಪಕ್ಷದವರು ಪೋರ್ಟ್ಸ್‌ಮತ್, ಸೌತ್ ಕಿಂಗ್‌ಸ್ಟನ್ ಎಂಬ ಎರಡು ಊರುಗಳ ಫಲಿತಾಂಶಕ್ಕೆ ಆಕ್ಷೇಪಣೆಯೆತ್ತಿ, ಅಲ್ಲಿಯೇ ಮರುಎಣಿಕೆ ಮಾಡಿಸಿದರು. ಪೀಠದಲ್ಲಿದ್ದವನು 1924ರ ಕ್ವಿನ್ನೇ. ಎರಡು ಸ್ಥಾನಗಳೂ ಡೆಮೊಕ್ರಾಟರಿಗೆ ಬಂದು 22 ಅವರದಾಯಿತು. ಆ ಒಂದೇ ದಿನದಲ್ಲಿ ಸಂಸ್ಥಾನದ ಪರಮ ನ್ಯಾಯಸ್ಥಾನದ ಐವರು ನ್ಯಾಯಾಧೀಶರ ಸ್ಥಾನಗಳನ್ನೂ ತೆರವು ಮಾಡಿ ಹೊಸಬರನ್ನು ಕೂರಿಸಿದರು. ಹಳೆಯ ಮಂಡಲಿಗಳನ್ನು ರದ್ದುಮಾಡಿದರು. ಇದನ್ನು ರಕ್ತಪಾತವಿಲ್ಲದ ಕ್ರಾಂತಿಯೆಂದು ಹೊಗಳುವುದುಂಟು. ಉದ್ದೇಶವನ್ನು ಮೆಚ್ಚಿದರೂ, ಎರಡು ಊರುಗಳ ಮತಪತ್ರಗಳನ್ನು ಎಣಿಸಿದ ಕೈಗಳು ಯಾವ ಪಕ್ಷದವೆಂಬುದನ್ನು ಮರೆಯುವುದಕ್ಕೆ ನನ್ನಿಂದಾಗದು. ಅಷ್ಟಾದರೂ ಸೆನೇಟಿನ ಬುಡವು ಅಲುಗಲಿಲ್ಲ. 1936ರಲ್ಲಿ ರಾಜ್ಯಾಂಗಸಭೆಯನ್ನು ಕರೆಯಬೇಕೆಂಬ ಸಲಹೆಯನ್ನು ಜನರೇ ತಿರಸ್ಕರಿಸಿದರು.

ಬುಡವು ಅಲುಗಿದುದು ಹೊರಗಿನಿಂದ. ಟೆನೆಸ್ಸಿ ಸಂಸ್ಥಾನದ ಬೇಕರ್ ಮೊಕದ್ದಮೆಯಲ್ಲಿ 1962ರಲ್ಲಿ ಪರಮ ನ್ಯಾಯಸ್ಥಾನವು, ಕ್ಷೇತ್ರಗಳ ಅಸಮತೆಯು ನ್ಯಾಯಾಧೀಶರು ವಿಚಾರಿಸತಕ್ಕ ವಿಷಯವೇ ಹೌದೆಂದು ಹೇಳಿತು. ಹಾಗಾದರೆ 1849ರ ಲೂಥರ್ ತೀರ್ಪು? ಅದನ್ನು ತಳ್ಳಿಹಾಕಲಿಲ್ಲ. ಲೂಥರನು ಹಿಡಿದುದು ಪ್ರಜಾಪ್ರಭುತ್ವದ ಖಾತರಿಯ ವಾಕ್ಯವನ್ನು. ಈಗಿನವರು ಹಿಡಿದುದು 1868ರ ಹದಿನಾಲ್ಕನೆಯ ತಿದ್ದುಪಡಿಯ ಸಮರಕ್ಷಣೆಯ ವಾಕ್ಯವನ್ನು. ಒಂದು ವಾಕ್ಯದಿಂದ ಸಿದ್ಧಿಸದ ವಿಧಿಯು ಇನ್ನೊಂದು ವಾಕ್ಯದಿಂದ ಸಿದ್ಧಿಸಿತೆಂಬುದು ಮೀಮಾಂಸಕರಿಗೆ ಹೊಸದಲ್ಲ. 1964ರಲ್ಲಿ ಅಲಬಾಮಾ ಸಂಸ್ಥಾನದ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧಿಪತಿ ಅರ್ಲ್ ವಾರನ್ನರು ಇನ್ನೂ ಮುಂದೆ ಹೋಗಿ, ಎರಡು ಮನೆಗಳಿಗೂ ಜನಸಂಖ್ಯೆಯೇ ಆಧಾರವಾಗಬೇಕು, ಶಾಸಕರು ಜನರ ಪ್ರತಿನಿಧಿಗಳೇ ಹೊರತು ಮರಗಳ ಅಥವಾ ಎಕರೆಗಳ ಪ್ರತಿನಿಧಿಗಳಲ್ಲವೆಂದು ನಿರ್ಣಯಿಸಿದರು.

ಇದಕ್ಕೆ ಪೂರ್ವಪಕ್ಷವು ದುರ್ಬಲವಾದುದಲ್ಲ. ವಾಷಿಂಗ್ಟನ್ನಿನ ಸೆನೇಟಿನಲ್ಲಿ ರೋಡ್ ಐಲೆಂಡಿಗೂ ಇಬ್ಬರು, ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ತಾನು ಅಲ್ಲಿ ಅನುಭವಿಸುವ ಸಮತೆಯನ್ನು ರೋಡ್ ಐಲೆಂಡು ತನ್ನ ಊರುಗಳಿಗೆ ನಿರಾಕರಿಸಬಹುದೇ? ಸಂಸ್ಥಾನಗಳು ಸ್ವತಂತ್ರ ಪ್ರಭುತ್ವಗಳಾಗಿದ್ದು ಒಪ್ಪಂದದಿಂದ ಕೂಡಿದವು. ಊರುಗಳೂ ಜಿಲ್ಲೆಗಳೂ ಎಂದಿಗೂ ಹಾಗಿರಲಿಲ್ಲ ಎಂದು ವಾರನ್ನರ ಉತ್ತರ. ಈ ಉತ್ತರವು ಅಲಬಾಮಾದಲ್ಲಿ ನಿಲ್ಲುವಷ್ಟು ಭದ್ರವಾಗಿ ರೋಡ್ ಐಲೆಂಡಿನಲ್ಲಿ ನಿಲ್ಲುವುದಿಲ್ಲ. ಅಲ್ಲಿ ನಾಲ್ಕು ಊರುಗಳು ಸಂಸ್ಥಾನಕ್ಕಿಂತ ಹಿರಿಯವು. ಆದರೆ ನಾಲ್ಕೇ. ಉಳಿದ ಊರುಗಳಲ್ಲಿ ಬಹುಪಾಲನ್ನು ಶಾಸನಸಭೆಯೇ ಹಳೆಯ ಊರುಗಳನ್ನು ಸೀಳಿ ಮಾಡಿದುದು. 1913ರಲ್ಲಿ ವಾರಿಕ್ಕಿನಿಂದ ವೆಸ್ಟ್ ವಾರಿಕ್ಕನ್ನು ಬೇರ್ಪಡಿಸಿದಾಗ ಸೆನೇಟಿನಲ್ಲಿ ಒಂದು ಕುರ್ಚಿಯೂ ಹೆಚ್ಚಿತು. ತಾನೇ ಸೀಳಿದ ನೆಲದಿಂದ ತನಗೇ ಸದಸ್ಯರನ್ನು ಹುಟ್ಟಿಸಿಕೊಳ್ಳುವ ಮನೆಯು ಊರುಗಳ ಪ್ರಾಚೀನ ಪ್ರಭುತ್ವದ ಮಾತನ್ನಾಡಲಾರದು. ಆದುದರಿಂದ ಸಿದ್ಧಾಂತವೇ ಸರಿಯೆಂದು ನನ್ನ ಮತ.

1960ರ ದಶಕದ ನಡುವೆ ರೋಡ್ ಐಲೆಂಡಿನ ಸೆನೇಟನ್ನು ಐವತ್ತು ಸಮಕ್ಷೇತ್ರಗಳಾಗಿ ಹಂಚಿದರು. ಊರಿನ ಚಕ್ಕುಬಂದಿಯು ಕ್ಷೇತ್ರದ ಚಕ್ಕುಬಂದಿಯಾಗಿದ್ದುದು ಅಲ್ಲಿಗೆ ಮುಗಿಯಿತು. ಆದರೆ ಊರಿನ ಎಲ್ಲೆಗೆ ಒಂದು ಗುಣವಿದ್ದಿತು: ಅದನ್ನು ಚುನಾವಣೆಯ ಹಿಂದಿನ ವರ್ಷ ಯಾರೂ ಸರಿಸುತ್ತಿರಲಿಲ್ಲ. ಹೊಸ ಗೆರೆಗಳನ್ನಾದರೋ ಹತ್ತು ವರ್ಷಗಳಿಗೊಮ್ಮೆ ಎಳೆಯಬೇಕು. ಎಳೆಯುವವರು ಬಹುಮತದ ಪಕ್ಷದವರು. ಇಲ್ಲಿ ಕ್ಷೇತ್ರಕ್ಕಿಂತ ಕ್ಷೇತ್ರಜ್ಞನೇ ಪ್ರಬಲನಾದನು. 1982ರಲ್ಲಿ ಸೆನೇಟಿನವರು ಎಳೆದ ಗೆರೆಗಳು ಅಡ್ಡಾದಿಡ್ಡಿಯಾಗಿವೆಯೆಂದು ಸಂಸ್ಥಾನದ ನ್ಯಾಯಸ್ಥಾನವು ಅವನ್ನು ರದ್ದುಮಾಡಿತು. ಆ ವರ್ಷ ಮೇಲ್ಮನೆಗೆ ಚುನಾವಣೆಯೇ ನಡೆಯಲಿಲ್ಲ; 1983ರ ಜೂನ್ ತಿಂಗಳಲ್ಲಿ ಪ್ರತ್ಯೇಕವಾಗಿ ನಡೆಯಿತು. ಆಗ ಪ್ರಾವಿಡೆನ್ಸಿನಿಂದ ಆರಿಸಿ ಬಂದ ಚಾರ್ಲ್ಸ್ ವಾಲ್ಟನ್ನರು ಆ ಮನೆಯ ಮೊದಲನೆಯ ಕರಿಯ ಸದಸ್ಯರು. ಡಗ್ಲಸನು ಅಲ್ಲಿ ಮಾತನಾಡಿ ಹೋಗಿ ನೂರ ನಲವತ್ತೊಂದು ವರ್ಷಗಳಾಗಿದ್ದವು.

1994ರಲ್ಲಿ ಜನರು ಶಾಸನಸಭೆಯನ್ನು ಕಿರಿದು ಮಾಡಬೇಕೆಂದು ಮತಕೊಟ್ಟರು. ಕೆಳಮನೆ ನೂರರಿಂದ 75ಕ್ಕೆ, ಮೇಲ್ಮನೆ ಐವತ್ತರಿಂದ 38ಕ್ಕೆ. ಜಾರಿಗೆ ಬಂದುದು 2002ರ ಚುನಾವಣೆಯಿಂದ. ಹನ್ನೆರಡು ಕುರ್ಚಿಗಳು ಕಡಮೆಯಾಗಬೇಕಾದಾಗ ಯಾರ ಗೆರೆಯನ್ನು ಅಳಿಸಬೇಕೆಂಬುದೇ ಜಗಳ. ಪ್ರಾವಿಡೆನ್ಸಿನ ದಕ್ಷಿಣಭಾಗದ ಕ್ಷೇತ್ರಗಳು ಬೆರೆತುಹೋಗಿ ವಾಲ್ಟನ್ನರು ತಮ್ಮ ಸ್ಥಾನವನ್ನು ಕಳೆದುಕೊಂಡರು. ಡೊಮಿನಿಕನ್ ವಂಶದ ಹ್ವಾನ್ ಪಿಚಾರ್ಡೊ ಗೆದ್ದರು. ಇದೂ ಹೊಸ ಜನರಿಗೆ ಬಾಗಿಲು ತೆರೆದುದೇ ಸರಿ; ಆದರೆ ತಮ್ಮ ಜನರ ಮತವನ್ನು ಒಡೆದರೆಂದು ಕರಿಯ ಮತದಾರರು ಮೊಕದ್ದಮೆ ಹೂಡಿದರು. ಕೆಳಗಿನ ನ್ಯಾಯಾಲಯವು ವಿಚಾರಣೆಯಿಲ್ಲದೆ ವಜಾ ಮಾಡಿದುದನ್ನು 2004ರಲ್ಲಿ ಬಾಸ್ಟನ್ನಿನ ಮೇಲಿನ ನ್ಯಾಯಾಲಯವು ಒಪ್ಪದೆ, ಮೊಕದ್ದಮೆಯನ್ನು ವಿಚಾರಣೆಗೆ ಹಿಂದಿರುಗಿಸಿತು. ಆ ವರ್ಷದ ಚುನಾವಣೆಯಲ್ಲಿ ವಾದಿಗಳ ಮುಂದಾಳಾದ ಹೆರಾಲ್ಡ್ ಮೆಟ್ಸರು ಮೇಲ್ಮನೆಗೆ ಬಂದರು.

2020ರ ಗಣತಿಯಲ್ಲಿ ಸಂಸ್ಥಾನದ ಜನರು 10,97,379. ಮೂವತ್ತೆಂಟರಿಂದ ಭಾಗಿಸಿದರೆ ಕ್ಷೇತ್ರಕ್ಕೆ ಸುಮಾರು 28,900. ಎರಡೆರಡು ವರ್ಷಗಳಿಗೊಮ್ಮೆ, ಸಮಸಂಖ್ಯೆಯ ವರ್ಷದ ನವೆಂಬರಿನಲ್ಲಿ, ಮೂವತ್ತೆಂಟು ಸ್ಥಾನಗಳಿಗೂ ಒಟ್ಟಿಗೆ ಚುನಾವಣೆ. 2002ರಿಂದೀಚೆಗೆ ರಿಪಬ್ಲಿಕನರು ಅವುಗಳಲ್ಲಿ ಹತ್ತನ್ನೂ ಮುಟ್ಟಿಲ್ಲವಾದ ಕಾರಣ ಬಹು ಕ್ಷೇತ್ರಗಳಲ್ಲಿ ನಿಜವಾದ ಸ್ಪರ್ಧೆಯು ಅದಕ್ಕೂ ಮುಂಚೆ ಸೆಪ್ಟೆಂಬರಿನಲ್ಲಿ, ಡೆಮೊಕ್ರಾಟರ ಪಕ್ಷದೊಳಗಿನ ಆಯ್ಕೆಯಲ್ಲಿಯೇ ಮುಗಿಯುತ್ತದೆ. ವೆಸ್ಟ್ ಗ್ರೀನಿಚ್ಚಿನವರು ಈಗ ನೆರೆಯ ಊರುಗಳವರೊಡನೆ ಸೇರಿ ಮತ ಹಾಕುತ್ತಾರೆ. ಕಡಲಲ್ಲಿರುವ ಬ್ಲಾಕ್ ಐಲೆಂಡಿನಲ್ಲಿ 1672ರಿಂದ ನ್ಯೂ ಶೋರ್‌ಹ್ಯಾಮ್ ಎಂಬ ಊರುಂಟು; 1900ರಲ್ಲಿ ಅಲ್ಲಿದ್ದವರು 1,396, ಅವರಿಗೆ ತಮ್ಮದೇ ಆದ ಒಬ್ಬ ಸೆನೇಟರನಿದ್ದನು. ಇಂದು ಆ ದ್ವೀಪದವರ ಮತಗಳನ್ನು ಮುಖ್ಯಭೂಮಿಯ ಊರುಗಳ ಮತಗಳೊಡನೆ ಕೂಡಿಸಿ ಎಣಿಸುತ್ತಾರೆ. ಅವರ ಸೆನೇಟರನು ಅವರನ್ನು ಕಾಣಬೇಕಾದರೆ ಸಾಮಾನ್ಯವಾಗಿ ಹಡಗು ಹತ್ತಿ ಹೋಗಬೇಕಾಗುತ್ತದೆ.